ಇಟಲಿಯಲ್ಲಿ ಹಗಲು ಪಾಳಿ

ಇಟಲಿಗೆ ಹೋಗಿ ಬಂದಿದ್ದೇವೆ ಎಂದರೆ ಜನ ಮೊದಲು ಕೇಳುವುದು ವೆನಿಸ್ ಬಗ್ಗೆ. ನಾವು ವೆನಿಸ್ ನೋಡಿಲ್ಲ. ಪೀಸಾ ಸ್ಟೇಷನ್ನಿನಲ್ಲಿ ರೈಲು ಬದಲಿಸಿದೆವೇ ಹೊರತು ವಾಲಿದ ಗೋಪುರದ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ರೋಮ್ ನಮ್ಮ ಪಾಲಿಗೆ ಒಂದು ವಿಮಾನ ನಿಲ್ದಾಣ, ಅಷ್ಟೆ. ಐದು ವಾರದಲ್ಲಿ ಮೂರೇ ಊರು: ಬೊಲೋನ್ಯಾ, ಸಿಯೆನಾ, ಲೂಕಾ. ಮರುವರ್ಷ ಟೊರಾಂಟೋದ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಇದನ್ನು ಹೇಳಿದೆ. ಹನ್ನೊಂದು ದಿನದಲ್ಲಿ ಏಳು ದೇಶ ಮುಗಿಸಿ ಬಂದಿದ್ದ ಬೆಂಗಳೂರಿನ ದಂಪತಿ ನನ್ನನ್ನು ಕನಿಕರದಿಂದ ನೋಡಿದರು. "ಅಷ್ಟ್ ದೂರ ಹೋಗಿ ವೇಸ್ಟ್ ಆಯ್ತಲ್ಲ ಮೇಡಂ" ಎಂದರು ಆಕೆ. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಮುಂದೆ ಹೋದೆ.

ನಾನು ಹೋಗಿದ್ದು ಇಟಲಿ ನೋಡಲಿಕ್ಕಲ್ಲ, ನನ್ನ ಗಂಡನನ್ನು ನೋಡಲಿಕ್ಕೆ ಎಂದು ಊಟದ ಸಾಲಿನಲ್ಲಿ ಹೇಳಲಾಗುವುದಿಲ್ಲ. ಅದೂ ಸುಮ್ಮನೆ ನೋಡಲಿಕ್ಕಲ್ಲ. ವಾಪಸ್ ಬಂದ ಮೇಲೆ ಇವರ ಜೊತೆ ಒಂದೇ ಮನೆಯಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ.

ನಾವು ಧಾರವಾಡದವರು. ತೊಂಬತ್ತರ ದಶಕದ ಆರಂಭದಲ್ಲಿ ಟೊರಾಂಟೋಕ್ಕೆ ಬಂದೆವು, ಒಂದೂವರೆ ವರ್ಷ ಯಾರದೋ ಬೇಸ್‌ಮೆಂಟಿನಲ್ಲಿದ್ದು ಆಮೇಲೆ ವುಡ್‌ಬ್ರಿಡ್ಜಿನಲ್ಲಿ ಮನೆ ಮಾಡಿದೆವು. ಇವರಿಗೆ ಹತ್ತಿರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಾರಿನ ಬಿಡಿಭಾಗ ಒತ್ತುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ, ಹನ್ನೆರಡು ತಾಸು. ನನಗೆ ಸ್ಕಾರ್ಬರೋದ ಒಂದು ಲ್ಯಾಬಿನಲ್ಲಿ ಹಗಲಿನ ಕೆಲಸ. ಮಗಳಿಗೆ ಆಗ ನಾಲ್ಕು ವರ್ಷ. ಒಬ್ಬರು ಹಗಲು, ಒಬ್ಬರು ರಾತ್ರಿ ದುಡಿದರೆ ಮಗುವನ್ನು ಬೇರೆಯವರ ಕೈಗೆ ಕೊಡಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆವು. ಲೆಕ್ಕ ಸರಿಯಾಗಿಯೇ ಇತ್ತು. ಮಗಳು ಸ್ಕೂಲಿಗೆ ಹೋಗುವವರೆಗೆ ಎಂದುಕೊಂಡಿದ್ದು ಹದಿಮೂರು ವರ್ಷ ನಡೆಯಿತು.

ಇವರು ಬೆಳಿಗ್ಗೆ ಏಳಕ್ಕೆ ಬರುತ್ತಿದ್ದರು, ನಾನು ಏಳೂಕಾಲಿಗೆ ಹೊರಡುತ್ತಿದ್ದೆ. ಸಂಜೆ ನಾನು ಐದೂವರೆಗೆ ಬಂದರೆ ಇವರು ಆರಕ್ಕೆ ಹೊರಡುತ್ತಿದ್ದರು. ಶನಿವಾರ ಓವರ್‌ಟೈಮು. ಭಾನುವಾರ ಇವರಿಗೆ ನಿದ್ದೆ, ನನಗೆ ವಾರದ ಬಟ್ಟೆ. ಉಳಿದದ್ದೆಲ್ಲ ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ. ಇವರು ಕುಡಿಯುವವರಲ್ಲ, ಕೈ ಎತ್ತಿದವರಲ್ಲ, ಬೈದವರೂ ಅಲ್ಲ. ಯಾರಾದರೂ ನಿಮ್ಮ ಗಂಡ ಎಂಥವರು ಎಂದು ಕೇಳಿದರೆ ಒಳ್ಳೆಯವರು ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಕಾರ್ಖಾನೆ ರಾತ್ರಿ ಪಾಳಿಯನ್ನೇ ಮುಚ್ಚಿತು. ಐವತ್ತು ದಾಟಿದವರನ್ನೆಲ್ಲ ಕಳಿಸಿದರು. ಅದೇ ವರ್ಷ ಮಗಳು ಬೇರೆ ಊರಿನ ಯೂನಿವರ್ಸಿಟಿಗೆ ಹೋದಳು. ಆ ಚಳಿಗಾಲ ಮನೆಯಲ್ಲಿ ನಾವಿಬ್ಬರೇ. ಇವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಎಚ್ಚರ ಇರುತ್ತಿರಲಿಲ್ಲ. ಎಚ್ಚರ ಇದ್ದಾಗ ಅಡಿಗೆಮನೆಯಲ್ಲಿ ಎದುರಾದರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದಾಗ ಕಾಲು ಮಡಚುತ್ತೇವಲ್ಲ, ಹಾಗೆ ದಾರಿ ಬಿಡುತ್ತಿದ್ದೆವು. ಕ್ರಿಸ್‌ಮಸ್ ರಜೆಗೆ ಬಂದ ಮಗಳು ಎರಡು ದಿನ ನಮ್ಮನ್ನು ನೋಡಿ, "ಯು ಗೈಸ್ ಡೋಂಟ್ ಈವನ್ ಫೈಟ್. ದಟ್ಸ್ ವಾಟ್ ಸ್ಕೇರ್ಸ್ ಮಿ" ಎಂದಳು. ಮುಚ್ಚು ಬಾಯಿ ಎಂದೆ. ಆದರೆ ಅವಳು ಹೇಳಿದ್ದನ್ನು ಮರೆಯಲಿಲ್ಲ.

ಮಾರ್ಚಿನಲ್ಲಿ ನಾನು ಪಿಕರಿಂಗಿನಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿದೆ. ಹನ್ನೊಂದನೆಯ ಮಹಡಿ, ಒಂದೇ ಬೆಡ್‌ರೂಮು, ಅಡಿಗೆಮನೆಯ ಕಿಟಕಿಯಿಂದ ಕೆರೆಯ ಒಂದು ಪಟ್ಟಿ ಕಾಣುತ್ತಿತ್ತು. ಲ್ಯಾಬಿಗೆ ಹತ್ತಿರ, ಡ್ರೈವಿಂಗ್ ಕಡಿಮೆಯಾಗುತ್ತದೆ ಎಂದು ಹೇಳಿದರೆ ಯಾರೂ ಏನೂ ಕೇಳುವಂತಿರಲಿಲ್ಲ. ಅರ್ಜಿ ತುಂಬಿ ಕೊಟ್ಟೆ. ಮನೆ ಜೂನ್ ಒಂದಕ್ಕೆ ಖಾಲಿಯಾಗುತ್ತದೆ, ಮೇ ಇಪ್ಪತ್ತೈದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದಳು ಅಲ್ಲಿಯ ಮ್ಯಾನೇಜರ್ ಹೆಂಗಸು. ಇವರಿಗೆ ನಾನು ಹೇಳಲಿಲ್ಲ. ಹೇಳಲು ಇಬ್ಬರೂ ಒಂದೇ ಹೊತ್ತಿಗೆ ಎಚ್ಚರ ಇರಬೇಕಲ್ಲ ಎಂದು ನನಗೆ ನಾನೇ ನೆವ ಹೇಳಿಕೊಂಡೆ.

ಇಟಲಿ ಬಂದದ್ದು ಪಕ್ಕದ ಮನೆಯ ಅಜ್ಜಿಯಿಂದ. ನಮ್ಮ ಬೀದಿಯಲ್ಲಿ ನಾವು ಬಿಟ್ಟರೆ ಎಲ್ಲರೂ ಇಟಲಿಯವರೇ, ಈಕೆ ಅವರಲ್ಲಿ ಹಿರಿಯಳು. ನಾವು ಆ ಮನೆಗೆ ಹೋದ ಮೊದಲ ಬೇಸಿಗೆಯಲ್ಲಿ ಬೇಲಿಯ ಆಚೆಯಿಂದ "ಅಕ್ವಾ! ಅಕ್ವಾ!" ಎಂದು ಕೂಗುತ್ತಿದ್ದಳು. ನನ್ನ ಕಿವಿಗೆ ಬಿದ್ದದ್ದು "ಅಕ್ಕಾ." ನನಗಿಂತ ಮೂವತ್ತು ವರ್ಷ ದೊಡ್ಡವಳು, ನಾನು ಇವಳಿಗೆ ಅಕ್ಕ ಹೇಗಾದೆ ಎಂದು ಸಿಟ್ಟು ಬಂತು. ಸಾವಕಾಶವಾಗಿ ಕೈ ತೊಳೆದು, ಸೀರೆ ಸರಿಮಾಡಿಕೊಂಡು ಹೊರಗೆ ಹೋದರೆ ಆಕೆಯ ತೋಟದ ಪೈಪು ಒಡೆದು ನೀರು ನಮ್ಮ ಬೇಸ್‌ಮೆಂಟಿನ ಕಿಟಕಿಗೆ ನುಗ್ಗುತ್ತಿತ್ತು. ಅಕ್ವಾ ಅಂದರೆ ನೀರಂತೆ. ಇಬ್ಬರೂ ಸೇರಿ ಬಕೆಟ್ಟಿನಲ್ಲಿ ಎತ್ತಿ ಹಾಕಿದೆವು. ಅವತ್ತಿನಿಂದ ಆಕೆಯ ಟೊಮೆಟೊ ನಮ್ಮ ಮನೆಗೆ, ನಮ್ಮ ಚಕ್ಕುಲಿ ಆಕೆಯ ಮನೆಗೆ.

ಮಗಳ ಮಾತು ಕೇಳಿದ ಮೇಲೆ ನಾನು ಯುರೋಪಿನ ಒಂದು ಬಸ್ ಟೂರಿನ ಪುಸ್ತಕ ತಂದಿಟ್ಟಿದ್ದೆ: ಹನ್ನೆರಡು ದಿನ, ಹತ್ತು ಊರು. ಅಜ್ಜಿ ಅದನ್ನು ಕನ್ನಡಕ ಏರಿಸಿ ಓದಿದಳು. "ಯು ಗೋ ಟು ಸೀ ದ ಬಸ್?" ಎಂದಳು. ಆಮೇಲೆ ತಾನೇ ಫೋನು ಹಚ್ಚಿದಳು. ಸಿಯೆನಾದಲ್ಲಿ ಆಕೆಯ ತಮ್ಮನ ಮಗಳಿದ್ದಳು, ಮೇಲಿನ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಬೊಲೋನ್ಯಾ, ಲೂಕಾದಲ್ಲಿ ಅವಳ ಪರಿಚಯದವರಿದ್ದರು. ಕೂಡಿಟ್ಟ ರಜೆ ನನ್ನ ಹತ್ತಿರ ಬೇಕಾದಷ್ಟಿತ್ತು. ಏಪ್ರಿಲ್ ಕೊನೆಗೆ ಹೊರಟೆವು. ಅಪಾರ್ಟ್‌ಮೆಂಟಿನ ಫೋನ್ ನಂಬರು ನನ್ನ ಪರ್ಸಿನಲ್ಲಿತ್ತು.

ಬೊಲೋನ್ಯಾದಲ್ಲಿ ಮೊದಲ ನಾಲ್ಕು ದಿನ ಇಟಲಿಯಲ್ಲೂ ಪಾಳಿಯೇ ನಡೆಯಿತು. ಇವರು ಬೆಳಗಿನ ಐದಕ್ಕೆ ಹೊರಗೆ ತಿರುಗಾಡಿ ಬಂದು ಮಲಗುತ್ತಿದ್ದರು, ನಾನೊಬ್ಬಳೇ ಊರು ನೋಡುತ್ತಿದ್ದೆ. ಆ ಊರಿನ ಬೀದಿಗಳಿಗೆಲ್ಲ ಎರಡೂ ಕಡೆ ಕಮಾನಿನ ಪಡಸಾಲೆ. ಮಳೆ ಬಂದರೆ ಕೊಡೆ ಬೇಡ, ಬಿಸಿಲಾದರೆ ಟೋಪಿ ಬೇಡ. ಅದರ ಕೆಳಗೆ ಮುದುಕಿಯರು ತರಕಾರಿ ಚೀಲ ಹಿಡಿದು ನಿಂತು ಹರಟೆ ಹೊಡೆಯುತ್ತಾರೆ, ದಾಟಿ ಹೋಗುವವರು ಸುತ್ತಿಕೊಂಡು ಹೋಗಬೇಕು. ಒಂದು ಅಂಗಡಿಯ ಗಾಜಿನ ಹಿಂದೆ ಇಬ್ಬರು ಹೆಂಗಸರು ಮೊಟ್ಟೆ ಕಲಸಿದ ಹಿಟ್ಟನ್ನು ಲಟ್ಟಿಸುತ್ತಿದ್ದರು. ನಮ್ಮ ಲಟ್ಟಣಿಗೆಯ ಮೂರು ಪಟ್ಟು ಉದ್ದದ ಕೋಲು. ಹಾಳೆ ಎಷ್ಟು ತೆಳುವಾಯಿತೆಂದರೆ ಕೆಳಗಿನ ಹಲಗೆಯ ಗೆರೆ ಕಂಡಿತು. ನಾನು ನಲವತ್ತು ನಿಮಿಷ ಅಲ್ಲೇ ನಿಂತಿದ್ದೆ.

ಐದನೆಯ ದಿನ ಇವರು ಒಂಬತ್ತಕ್ಕೆ ಎದ್ದು ಅಂಗಿ ಹಾಕಿಕೊಂಡು ನಿಂತರು. "ನಡಿ, ನಾನೂ ಬರ್ತೀನಿ" ಎಂದರು. ದೊಡ್ಡ ಚೌಕದಲ್ಲಿ ಒಂದು ಚರ್ಚಿದೆ, ಅದರ ಮುಖಕ್ಕೆ ಅರ್ಧದವರೆಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಕೆಲಸ ನೂರಾರು ವರ್ಷದ ಹಿಂದೆ ಅರ್ಧಕ್ಕೆ ನಿಂತಿದೆ, ಊರಿನವರು ಹಾಗೆಯೇ ಬಿಟ್ಟಿದ್ದಾರೆ. ಇವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಛೊಲೊ ಅದ" ಎಂದರು. "ಮುಗಸದಿದ್ರೂ ಯಾರೂ ಒದರೂದಿಲ್ಲ."

ಕಾಫಿ ಅಂಗಡಿಯಲ್ಲಿ ಹುಡುಗಿಯೊಬ್ಬಳು ಗಲ್ಲೆಯ ಕಡೆ ಕೈ ತೋರಿಸಿ "ಪಗಾರೆ, ಪಗಾರೆ" ಎಂದಳು. ಮೊದಲು ಹಣ ಕೊಟ್ಟು ಚೀಟಿ ತರಬೇಕು ಎಂಬ ಅರ್ಥ. ಇವರಿಗೆ ಕೇಳಿಸಿದ್ದು ನಮ್ಮ ಊರಿನ ಪಗಾರ. ಮುಖ ಸಣ್ಣದಾಯಿತು. "ನನ್ನ ಪಗಾರ ಕೇಳಲಿಕ್ಕತ್ತಾಳಲ್ಲ ಇಕಿ. ನೌಕರಿ ಹೋಗಿದ್ದು ಇವರಿಗೆ ಹೆಂಗ ಗೊತ್ತಾತು?" ಎಂದರು. ಅರ್ಧ ತಮಾಷೆ. ಇನ್ನರ್ಧ ತಮಾಷೆಯಾಗಿರಲಿಲ್ಲ. ನೌಕರಿ ಹೋದ ಬಗ್ಗೆ ಆರು ತಿಂಗಳಲ್ಲಿ ಇವರು ಆಡಿದ ಮೊದಲ ಮಾತು ಅದು. ನಾನು ಏನಾದರೂ ಹೇಳಬೇಕಿತ್ತು. ಚೀಟಿ ತರಲು ಹೋದೆ.

ಸಿಯೆನಾಕ್ಕೆ ಹೋಗುವ ಹೊತ್ತಿಗೆ ಇವರ ನಿದ್ದೆ ರಾತ್ರಿಗೆ ತಿರುಗಿತ್ತು. ಅಲ್ಲಿಯ ಚೌಕ ಒಂದು ಕಡೆಗೆ ಇಳಿಜಾರು, ಜನ ಇಟ್ಟಿಗೆ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ, ಕೆಲವರು ಮಲಗಿಯೇ ಬಿಡುತ್ತಾರೆ. ಚೌಕದ ತಗ್ಗಿನಲ್ಲಿ ಹಳೆಯ ನಗರಸಭೆ. ಅದರ ಮೇಲಿನ ಕೋಣೆಯ ಗೋಡೆಯ ಮೇಲೆ ಒಂದು ಇಡೀ ಊರಿನ ಚಿತ್ರವಿದೆ: ಗುಲಾಬಿ ಬಣ್ಣದ ಮನೆಗಳು, ಚಪ್ಪಲಿ ಅಂಗಡಿ, ಪಾಠ ಹೇಳುವವನು, ಕೈ ಹಿಡಿದು ಕುಣಿಯುವ ಸಾಲು, ಕೋಟೆಯ ಬಾಗಿಲಿಂದ ಹಂದಿ ಹೊಡೆದುಕೊಂಡು ಬರುವ ರೈತ. ಒಳ್ಳೆಯ ಆಡಳಿತ ಇದ್ದರೆ ಊರು ಹೀಗಿರುತ್ತದೆ ಎಂದು ಅಧಿಕಾರಿಗಳಿಗೆ ನೆನಪಿಸಲು ಬರೆಸಿದ್ದಂತೆ. ಎದುರಿನ ಗೋಡೆಯ ಮೇಲೆ ಕೆಟ್ಟ ಆಡಳಿತದ ಊರಿತ್ತು. ಅದರ ಗಾರೆ ಅಲ್ಲಲ್ಲಿ ಉದುರಿ ಹೋಗಿದೆ.

ಆ ಕೋಣೆಗೆ ನಾನು ನಾಲ್ಕು ದಿನ ಬೆಳಿಗ್ಗೆ ಹೋದೆ. ನನ್ನ ಕೆಲಸವೇ ನೋಡುವುದು. ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಹಚ್ಚಿದ ಜೀವಕೋಶಗಳನ್ನು ಮೈಕ್ರೋಸ್ಕೋಪಿನಡಿ ನೋಡಿ, ಅದರಲ್ಲಿ ಕ್ಯಾನ್ಸರಿನದು ಇದೆಯೇ ಎಂದು ಹೇಳಬೇಕು. ಎಡ ಮೂಲೆಯಿಂದ ಶುರುಮಾಡಿ ಕೆಳಗೆ, ಸ್ವಲ್ಪ ಬಲಕ್ಕೆ ಸರಿದು ಮೇಲೆ, ಮತ್ತೆ ಕೆಳಗೆ. ಒಂದು ಎಳೆಯೂ ಬಿಡುವಂತಿಲ್ಲ, ಅವಸರ ಮಾಡುವಂತಿಲ್ಲ. ನನಗೆ ಬೇರೆ ರೀತಿ ನೋಡಲು ಬರುವುದೇ ಇಲ್ಲ. ಆ ಗೋಡೆಯನ್ನೂ ಹಾಗೆಯೇ ನೋಡಿದೆ, ಎಡಗಡೆಯ ಗೋಪುರದಿಂದ ಶುರುಮಾಡಿ, ಕತ್ತು ಮೇಲೆ ಕೆಳಗೆ ಆಡಿಸುತ್ತ. ಇವರು ಬೆಂಚಿನ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು.

"ಗ್ವಾಡ್ಯಾಗ ಏನ್ ರೋಗ ಹುಡುಕ್ಲಿಕ್ಕತ್ತೀ?" ಎಂದರು ಎರಡನೆಯ ದಿನ.

ನಕ್ಕುಬಿಟ್ಟೆ. ಕಾವಲಿನವನು ತಿರುಗಿ ನೋಡಿದ. ನನ್ನ ಕೆಲಸ ಏನು ಎಂದು ಇವರಿಗೆ ಇಷ್ಟು ಸರಿಯಾಗಿ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಇವರು ಎದ್ದು ಬಂದು ಪಕ್ಕದಲ್ಲಿ ನಿಂತರು. ಚಿತ್ರದ ಮೇಲ್ಭಾಗದಲ್ಲಿ, ಮನೆಗಳ ನೆತ್ತಿಯ ಮೇಲೆ, ಅಟ್ಟಣಿಗೆ ಕಟ್ಟಿಕೊಂಡು ಗೋಡೆ ಏರಿಸುತ್ತಿರುವ ಗೌಂಡಿಗಳಿದ್ದಾರೆ. ನಾನು ಅವರನ್ನು ಎರಡು ಸಲ ದಾಟಿ ಹೋಗಿದ್ದೆ. ಇವರು ಬೆರಳಿನಿಂದ ತೋರಿಸಿದರು: ಅಗೋ ಅವನು ಬುಟ್ಟಿ ಹೊತ್ತಿದ್ದಾನೆ, ಇವನು ಬಗ್ಗಿದ ರೀತಿ ನೋಡು, ಸೊಂಟ ನೋವು ಇದ್ದವನು ಹೀಗೇ ಬಗ್ಗುವುದು. ಆಮೇಲೆ ಇಡೀ ಗೋಡೆಯನ್ನು ಒಂದು ಸಲ ಆ ತುದಿಯಿಂದ ಈ ತುದಿಗೆ ನೋಡಿ ಹೇಳಿದರು: "ಈ ಊರಾಗ ರಾತ್ರಿ ಪಾಳಿ ಇಲ್ಲ ನೋಡು. ಎಲ್ಲಾರೂ ಹಗಲೇ ಕೆಲಸ ಮಾಡ್ತಾರ."

ಹೌದಲ್ಲ ಎನಿಸಿತು. ಆ ಕೋಣೆಗೆ ಬಂದು ಹೋದವರಲ್ಲಿ ಅದನ್ನು ಇವರಂತೆ ಕಂಡವರು ಬಹಳ ಇರಲಿಕ್ಕಿಲ್ಲ. ಅವತ್ತು ಮಧ್ಯಾಹ್ನ ಪಿಕರಿಂಗಿನ ನೆನಪು ಬಂದಾಗ ಮೊದಲ ಸಲ ಸ್ವಲ್ಪ ಕಸಿವಿಸಿಯಾಯಿತು.

ಮನೆಯೊಡತಿ, ಅಜ್ಜಿಯ ತಮ್ಮನ ಮಗಳು, ಐವತ್ತರ ಆಸುಪಾಸಿನವಳು. ಸ್ಕೂಲಿನಲ್ಲಿ ಫ್ರೆಂಚ್ ಕಲಿಸುತ್ತಿದ್ದವಳು, ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಇವರು ಕೆಳಗಿನ ಕಾಫಿ ಅಂಗಡಿಗೆ ಹೋದಾಗ ಅಲ್ಲಿದ್ದವರೆಲ್ಲ "ಬೊಂಜೋರ್ನೊ, ರೆ!" ಎಂದು ಎದ್ದು ನಿಂತರಂತೆ. ಒಬ್ಬ ತಲೆಬಾಗಿದನಂತೆ. ಇವರು ಬಹಳ ಖುಷಿಯಿಂದ ಮೇಲೆ ಬಂದು ವರದಿ ಒಪ್ಪಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. ಮನೆಯೊಡತಿಯನ್ನು ಕೇಳಿದೆ.

ಆಕೆ ಹೇಳಿದಳು: "ನೀನು ದಿನಾ ಮೆಟ್ಟಿಲ ಮೇಲಿಂದ ಕೂಗುತ್ತೀಯಲ್ಲ, ರೆ, ರೆ ಎಂದು. ನಮ್ಮಲ್ಲಿ ರೆ ಎಂದರೆ ರಾಜ. ಗಂಡನನ್ನು ರಾಜಾ ಎಂದು ಕರೆಯುವ ಹೆಂಡತಿಯನ್ನು ನಾನು ನೋಡಿರಲಿಲ್ಲ. ಕೆಳಗಿನವರಿಗೂ ಹೇಳಿದೆ."

ನಾನು ಕೂಗುತ್ತಿದ್ದುದು "ರೀ." ರೀ, ಕೀಲಿ ಎಲ್ಲಿ ಇಟ್ಟೀರಿ. ರೀ, ಛತ್ರಿ ತಗೋರಿ. ನನಗೆ ಮೈಯೆಲ್ಲ ಉರಿಯಿತು. ಹದಿಮೂರು ವರ್ಷ ಮನೆ, ಮಗಳು, ಜ್ವರ, ಪರೀಕ್ಷೆ, ಒಡೆದ ನಲ್ಲಿ ಎಲ್ಲವನ್ನೂ ನಾನು ಸಂಭಾಳಿಸಿದ್ದು, ರಾಜ ಇವರು! ಅದು ರಾಜ ಅಲ್ಲ, ಅದಕ್ಕೆ ಅರ್ಥವೇ ಇಲ್ಲ, ನಮ್ಮ ಕಡೆ ಬಸ್ ಕಂಡಕ್ಟರಿಗೂ ರೀ, ಕಾಯಿಪಲ್ಲೆ ಮಾರುವವಳಿಗೂ ರೀ, ಗಂಡನಿಗೂ ರೀ, ಹೆಸರು ಹಿಡಿದು ಕರೆಯಬಾರದು ಅಂತ ಅಷ್ಟೆ ಎಂದು ಬಿಡಿಸಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿದಳು. "ಹಾಗಾದರೆ ಎಲ್ಲರೂ ರಾಜರೇ" ಎಂದಳು. ಸ್ಕೂಲ್ ಟೀಚರಿಗೆ ತಿಳಿಹೇಳುವುದು ಆಗದ ಮಾತು ಎಂದು ಬಿಟ್ಟೆ. ಆಮೇಲೆ ಆಕೆ ಕೇಳಿದಳು, "ಅವನು ನಿನ್ನನ್ನು ಏನೆಂದು ಕರೆಯುತ್ತಾನೆ?"

ಬಾಯಿ ತೆರೆದೆ. ಉತ್ತರ ಹುಡುಕಿದೆ. "ಏ" ಎನ್ನುತ್ತಾರೆ. "ಕೇಳಿಲ್ಲೆ" ಎನ್ನುತ್ತಾರೆ. ಫೋನಿನಲ್ಲಿ "ಹಾಂ, ನಾನ" ಎನ್ನುತ್ತಾರೆ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ನನ್ನ ಹೆಸರು ಒಂದು ಸಲ ಹೇಳಿದ್ದರು, ಎಲ್ಲರೂ ನಕ್ಕಿದ್ದರು, ಅದೇ ಕೊನೆ. ಬೇರೆ ಏನೂ ನೆನಪಿಗೆ ಬರಲಿಲ್ಲ.

"ಏನೂ ಕರೆಯುವುದಿಲ್ಲ" ಎಂದೆ. ಆಕೆ ನಗಲಿಲ್ಲ. ಅದು ನನಗೆ ಚುಚ್ಚಿತು. ನಕ್ಕಿದ್ದರೆ ಚೆನ್ನಾಗಿತ್ತು. ಮೇಲೆ ಹೋಗಿ ಪರ್ಸಿನಲ್ಲಿದ್ದ ಫೋನ್ ನಂಬರನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟೆ. ಹನ್ನೊಂದನೆಯ ಮಹಡಿಯಲ್ಲಿ ನನ್ನನ್ನು ಯಾರೂ ಏನೂ ಕರೆಯುವುದಿಲ್ಲ, ಕರೆಯಲಿ ಎಂದು ಕಾಯುವುದೂ ಇರುವುದಿಲ್ಲ ಎಂದುಕೊಂಡೆ. ಆ ದಿನ ಮನಸ್ಸು ಮುಕ್ಕಾಲು ಪಾಲು ಪಿಕರಿಂಗಿನ ಕಡೆಗೇ ಇತ್ತು.

ಸಿಯೆನಾದಿಂದ ಲೂಕಾಕ್ಕೆ ಹೊರಟಾಗ ಎಂಪೋಲಿ ಎಂಬಲ್ಲಿ ರೈಲು ಬದಲಿಸಬೇಕಿತ್ತು. ಮಧ್ಯಾಹ್ನ, ಬಿಸಿಲು. ನಾನು ಸೂಟ್‌ಕೇಸುಗಳ ಜೊತೆ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ. ಇವರು ನೀರಿನ ಬಾಟಲಿ ತರಲು ಸ್ಟೇಷನ್ನಿನ ಒಳಗೆ ಹೋದರು. ಅಷ್ಟರಲ್ಲಿ ಮೈಕಿನಲ್ಲಿ ಏನೋ ಹೇಳಿದರು, ನನ್ನ ಸುತ್ತಲಿದ್ದ ಜನವೆಲ್ಲ ಎದ್ದು ಸುರಂಗದ ಮೆಟ್ಟಿಲು ಇಳಿದರು. ಏನೆಂದು ನನಗೆ ತಿಳಿಯಲಿಲ್ಲ. ನಮ್ಮ ರೈಲು ಆಚೆಯ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ಇವರು ಒಳಗಿನ ಬೋರ್ಡಿನಲ್ಲಿ ಅದನ್ನು ಓದಿಕೊಂಡು ನೇರ ಆಚೆ ಕಡೆಯೇ ಬಂದು ನಿಂತಿದ್ದರು. ನಾನು ಬೆನ್ನು ಹಾಕಿ ಕೂತಿದ್ದೆ.

ಆಮೇಲೆ ಇವರೇ ಹೇಳಿದ್ದು: ಕರೆಯಲು ಬಾಯಿ ತೆರೆದರಂತೆ, ಏನೂ ಬರಲಿಲ್ಲವಂತೆ. "ಏ" ಎಂದು ಕೂಗಿದರು, ಒಂದಿಬ್ಬರು ಇಟಲಿಯವರು ತಿರುಗಿದರು, ನಾನು ತಿರುಗಲಿಲ್ಲ. ರೈಲು ಬರುತ್ತಿರುವುದು ಕಾಣುತ್ತಿತ್ತು. ಕೊನೆಗೆ ಇವರು ಎದೆ ತುಂಬ ಉಸಿರು ತೆಗೆದುಕೊಂಡು ನಮ್ಮ ಮಗಳ ಹೆಸರು ಹಿಡಿದು ಕೂಗಿದರು. ಮಗಳು ಸಮುದ್ರದ ಆಚೆ, ಯಾವುದೋ ಲೈಬ್ರರಿಯಲ್ಲಿ ಕೂತಿದ್ದಳು. ನಾನು ಥಟ್ಟನೆ ಎದ್ದು ತಿರುಗಿದೆ. ಹಳಿಗಳ ಆಚೆ ನನ್ನ ಗಂಡ ಎರಡು ಕೈಯಲ್ಲೂ ಬಾಟಲಿ ಎತ್ತಿ ಹಿಡಿದು ನಿಂತಿದ್ದರು. ಇಬ್ಬರ ನಡುವೆ ರೈಲು ಬಂದು ನಿಂತಿತು, ಮತ್ತೆ ಹೊರಟು ಹೋಯಿತು. ಇವರು ಹತ್ತಿರಲಿಲ್ಲ.

ಮುಂದಿನ ರೈಲಿಗೆ ಒಂದು ತಾಸಿತ್ತು. ಇವರು ಸುರಂಗ ದಾಟಿ ನನ್ನ ಕಡೆ ಬಂದು ಬೆಂಚಿನ ಮೇಲೆ ಕೂತರು. ಎದುರಿಗೆ ಹಳಿ, ಒಂದು ಗೋದಾಮು, ಗೋಡೆಯ ಮೇಲೆ ಯಾರೋ ಪೇಂಟಿನಲ್ಲಿ ಗೀಚಿದ್ದು. ಕಲೆ, ಇತಿಹಾಸ ಏನೂ ಇರಲಿಲ್ಲ. ನೀರು ಕುಡಿದೆ. ಆಮೇಲೆ ಹೇಳಿಬಿಟ್ಟೆ.

"ರೀ, ನಾ ಪಿಕರಿಂಗಿನ್ಯಾಗ ಒಂದ್ ಅಪಾರ್ಟ್‌ಮೆಂಟ್ ನೋಡೀನಿ. ಒಬ್ಬಾಕಿನ ಇರ್ಲಿಕ್ಕೆ."

ಇವರು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದರು. "ಗೊತ್ತದ" ಎಂದರು.

 ಇವರೇ ಮುಂದುವರಿಸಿದರು. "ಏಪ್ರಿಲ್‌ದಾಗ ಅಲ್ಲಿಂದ ಒಬ್ಬಾಕಿ ಫೋನ್ ಮಾಡಿದ್ಲು. ನೀ ಲ್ಯಾಬಿನ್ಯಾಗಿದ್ದಿ. ಪಾರ್ಕಿಂಗ್ ಕೆಳಗ ಬೇಸ್‌ಮೆಂಟಿನ್ಯಾಗ ಬೇಕೋ, ಹೊರಗ ಬೇಕೋ ಅಂತ ಕೇಳಿದ್ಲು. ನಾ ಕೆಳಗ ಬೇಕು ಅಂದೆ. ಥಂಡ್ಯಾಗ ಕಾರಿನ ಮ್ಯಾಲಿನ ಐಸ್ ಕೆರ್‍ಯೋದು ನಿನಗ ಆಗೂದಿಲ್ಲ."

ಹದಿಮೂರು ಚಳಿಗಾಲ ನಾನು ಕಾರಿನ ಗಾಜಿನ ಮೇಲಿನ ಐಸ್ ಕೆರೆದಿಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಬಂದವರು ಮನೆಯೊಳಗೆ ಕಾಲಿಡುವ ಮೊದಲು ನನ್ನ ಕಾರು ಕೆರೆದು, ಎಂಜಿನ್ ಹಚ್ಚಿಟ್ಟು ಬರುತ್ತಿದ್ದರು. ನಾನು ಅದನ್ನು ಗಮನಿಸಿರಲಿಲ್ಲ ಎಂದಲ್ಲ. ಅದು ಹಾಗೇ ಇರುತ್ತದೆ ಎಂದುಕೊಂಡಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಅಷ್ಟೇ ಸಿಟ್ಟೂ ಬಂತು.

"ಗೊತ್ತಿದ್ದೂ ಸುಮ್ನಿದ್ರೇನು? ಗೊತ್ತಿದ್ದೂ ಐದು ವಾರ ನನ್ನ ಕೂಡ ಯಾಕ ಬಂದ್ರಿ?"

"ನೀ ನನ್ನ ನೋಡ್ಲಿಕ್ಕೆ ಹೊಂಟೀದಿ ಅಂತ ತಿಳೀತು" ಎಂದರು. ಎದುರಿನ ಗೋದಾಮನ್ನೇ ನೋಡುತ್ತ ಬಾಟಲಿಯ ಮುಚ್ಚಳ ಮತ್ತೆ ಬಿಚ್ಚಿದರು. "ಹಗಲಿನ್ಯಾಗ ನಾ ಹೆಂಗ ಇರ್ತೀನಿ ಅಂತ ನನಗೂ ಗೊತ್ತಿರಲಿಲ್ಲ. ನಾನೂ ನೋಡೋಣು ಅಂತ ಬಂದೆ."

ನಾನು ಅತ್ತೆ. ಜೋರಾಗಿ ಅಲ್ಲ. ಪಕ್ಕದ ಬೆಂಚಿನ ಹೆಂಗಸೊಬ್ಬಳು ಒಂದು ಕಾಗದದ ಕರವಸ್ತ್ರ ತಂದು ಕೊಟ್ಟು ಇವರನ್ನು ಕೆಕ್ಕರಿಸಿ ನೋಡಿ ಹೋದಳು. ರೈಲು ಬಂದಾಗ ಇವರು ಎರಡೂ ಸೂಟ್‌ಕೇಸು ಎತ್ತಿಕೊಂಡು ಮೊದಲು ನನ್ನನ್ನು ಹತ್ತಿಸಿದರು.

ಲೂಕಾ ಊರಿಗೆ ಸುತ್ತಲೂ ದಪ್ಪನೆಯ ಕೋಟೆ ಗೋಡೆ. ಅದರ ಮೇಲೆ ಮರಗಳು, ಅಗಲವಾದ ರಸ್ತೆ, ಸೈಕಲ್ಲುಗಳು. ಊರಿನವರು ಸಂಜೆ ಅದರ ಮೇಲೆ ಒಂದು ಸುತ್ತು ಹಾಕುತ್ತಾರೆ. ಮೊದಲ ದಿನ ಮೆಟ್ಟಿಲು ಹತ್ತಿ ಊರಿನ ಕಡೆ ಮುಖ ಮಾಡಿ ನಿಂತಾಗ ಇವರು ಎಡಕ್ಕೆ ತಿರುಗಿದರು, ನಾನು ಬಲಕ್ಕೆ. ಊರು ಬಲಗೈ ಕಡೆ ಬರಬೇಕು, ಪ್ರದಕ್ಷಿಣೆ ಎಂದರೆ ಹಾಗೆ ಎಂದರು ಇವರು. ಇದೇನು ಗುಡಿಯಲ್ಲ, ನನಗೆ ಗುಡ್ಡದ ಕಡೆ ಮೊದಲು ನೋಡಬೇಕು ಎಂದೆ ನಾನು. ಅಷ್ಟಕ್ಕೇ ನಿಲ್ಲಲಿಲ್ಲ. ಗುಡ್ಡದಿಂದ ಶುರುವಾದ ಮಾತು ಪಿಕರಿಂಗಿಗೆ ಹೋಯಿತು, ಅಲ್ಲಿಂದ ಅಡಿಗೆಮನೆಗೆ, ಮಗಳ ಏಳನೆಯ ಹುಟ್ಟುಹಬ್ಬಕ್ಕೆ ಇವರು ನಿದ್ದೆಯಿಂದ ಏಳದಿದ್ದಕ್ಕೆ, ನನ್ನ ತಂದೆ ತೀರಿಕೊಂಡಾಗ ನಾನು ಇವರಿಗೆ ಚೀಟಿಯಲ್ಲಿ ಬರೆದು ತಿಳಿಸಿದ್ದಕ್ಕೆ. "ಚೀಟ್ಯಾಗ! ನಿಮ್ಮಪ್ಪ ಹೋದದ್ದು ನನಗ ಚೀಟ್ಯಾಗ ಹೇಳಿದಿ ನೀ!" ಎಂದು ಇವರು ಒದರಿದರು. ಅದು ಇವರಿಗೆ ನೋವಾಗಿತ್ತು ಎಂದು ನನಗೆ ಆವತ್ತೇ ತಿಳಿದದ್ದು. ನಾನೂ ಒದರಿದೆ. ಧಾರವಾಡದ ಕನ್ನಡದಲ್ಲಿ ಇಬ್ಬರೂ ಗಂಟಲು ಹರಿಯುವಂತೆ ಜಗಳ ಆಡಿದೆವು. ಸೈಕಲ್ಲಿನವರು ಯಾರೂ ತಿರುಗಿ ಕೂಡ ನೋಡಲಿಲ್ಲ. ಆ ದೇಶದಲ್ಲಿ ಗಂಡ ಹೆಂಡತಿ ಮಾತಾಡುವುದೇ ಹಾಗಿರಬೇಕು. ಕೊನೆಗೆ ಬಲಕ್ಕೇ ಹೋದೆವು. ಇವರು ಹತ್ತು ಹೆಜ್ಜೆ ಹಿಂದೆ ಬಂದರು.

ಆಮೇಲಿನ ದಿನಗಳಲ್ಲಿ ನಾವು ವಿಶೇಷ ಏನೂ ಮಾಡಲಿಲ್ಲ. ಒಂದು ಚರ್ಚಿನಲ್ಲಿ ಎಳೆ ಪ್ರಾಯದ ಹೆಂಗಸಿನ ಕಲ್ಲಿನ ಗೋರಿ ಇತ್ತು, ಕಾಲ ಬುಡದಲ್ಲಿ ಅವಳ ನಾಯಿ. ಇವರು ಆ ನಾಯಿಯನ್ನು ನೋಡಲು ಎರಡು ಸಲ ಹೋದರು. ಸಂತೆಯಿಂದ ಬಟಾಣಿ ತಂದು ಕೋಣೆಯ ಸಣ್ಣ ಒಲೆಯ ಮೇಲೆ ಉಸುಳಿ ಮಾಡಿಕೊಂಡೆವು. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿದಾಗ ನಾವೂ ಮಲಗಿದೆವು, ಒಂದೇ ಹೊತ್ತಿಗೆ. ಇವರು ಗೊರಕೆ ಹೊಡೆಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾನೂ ಹೊಡೆಯುತ್ತೇನೆ ಎಂದು ಇವರು ಹೇಳಿದರು.

ಮೇ ಇಪ್ಪತ್ತೈದು ಬಂತು. ಸ್ಟೇಷನ್ನಿನ ಹತ್ತಿರ ಒಬ್ಬ ಬಂಗಾಳಿಯ ಅಂಗಡಿಯಿತ್ತು, ಒಬ್ಬೊಬ್ಬರು ನಿಂತು ಮಾತಾಡುವ ಗಾಜಿನ ಗೂಡುಗಳಲ್ಲಿ ಫೋನುಗಳು. ನಮ್ಮನ್ನು ನೋಡಿ ಹಿಂದಿಯಲ್ಲಿ ಮಾತಾಡಿಸಿದ. ಮಧ್ಯಾಹ್ನ ಮೂರೂವರೆ, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಇವರು ಹೊರಗೆ ನಿಲ್ಲುತ್ತೇನೆ ಎಂದರು. ಬೇಡ, ಇಲ್ಲೇ ಇರ್‍ರಿ ಎಂದೆ. ಗಾಜಿನ ಬಾಗಿಲು ಹಾಕಲು ಆಗಲಿಲ್ಲ, ಇಬ್ಬರು ಹಿಡಿಸುವಷ್ಟು ಜಾಗ ಅಲ್ಲಿರಲಿಲ್ಲ.

ನನಗೆ ಖಾತ್ರಿಯೇನೂ ಆಗಿರಲಿಲ್ಲ. ಐದು ವಾರದಲ್ಲಿ ಒಬ್ಬ ಮನುಷ್ಯನನ್ನು ನೋಡಿ ಮುಗಿಸಲು ಆಗುವುದಿಲ್ಲ, ಇನ್ನೂ ಎಡ ಮೂಲೆಯಲ್ಲೇ ಇದ್ದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಫೋನ್ ಎತ್ತಿದಳು. ನನ್ನ ಹೆಸರು ಹೇಳಿ, ಮನೆ ಬೇಡ ಎಂದೆ.

ಆಕೆಗೆ ಫಾರ್ಮಿನಲ್ಲಿ ಕಾರಣ ಬರೆಯಬೇಕಿತ್ತು. ಬೇರೆ ಕಡೆ ಮನೆ ಸಿಕ್ಕಿತೇ, ಕೆಲಸ ಬದಲಾಯಿತೇ ಎಂದು ಒಂದೊಂದಾಗಿ ಕೇಳಿದಳು. ಪಕ್ಕದಲ್ಲಿ ಇವರ ಉಸಿರು ಕೇಳಿಸುತ್ತಿತ್ತು.

"ಮೈ ಹಸ್ಬೆಂಡ್ ಈಸ್ ಹೋಮ್ ನೌ" ಎಂದೆ.

 ಆ ತುದಿಯಲ್ಲಿ ಆಕೆ ದನಿ ತಗ್ಗಿಸಿ, ಬಹಳ ಮೆತ್ತಗೆ, ಎಷ್ಟು ವರ್ಷ ಹೊರಗಿದ್ದರು ಎಂದು ಕೇಳಿದಳು. ಜೈಲಿನಿಂದ ಬಿಟ್ಟು ಬಂದಿದ್ದಾನೆ ಎಂದುಕೊಂಡಿರಬೇಕು. ನಾನು ತಿದ್ದಲು ಹೋಗಲಿಲ್ಲ.

"ಥರ್ಟೀನ್ ಇಯರ್ಸ್" ಎಂದೆ.